ಐಸಿಸಿ ವಿಚಾರಣೆಯ ಉಸ್ತುವಾರಿ: ಕುಲಸಚಿವರ ಕಚೇರಿ ಎಲ್ಲಿಯವರೆಗೆ ಕೈಹಾಕಬಹುದು?

ಕಡತ_ಪಾಲಕ

ವಿಶ್ವವಿದ್ಯಾಲಯಗಳಲ್ಲಿ ಲೈಂಗಿಕ ಕಿರುಕುಳದ ದೂರು ನೋಡುವ ಆಂತರಿಕ ದೂರು ಸಮಿತಿಯ (ಐಸಿಸಿ) ವಿಚಾರಣೆಗಳ ಉಸ್ತುವಾರಿ ನೋಡುವವರಿಗಾಗಿ ಈ ಚರ್ಚೆ. ಕಾನೂನಿನ ಪಾಠ ಬೇಡ. ಅದು ಎಲ್ಲ ಕಾರ್ಯಾಗಾರದಲ್ಲೂ ಆಗುತ್ತದೆ, ಊಟದ ಹೊತ್ತಿಗೆ ಮುಗಿಯುತ್ತದೆ. ಕಡತ ಎಲ್ಲಿ ಕೆಡುತ್ತದೆ ಅನ್ನುವುದನ್ನು ಮಾತಾಡೋಣ.

ಐಸಿಸಿ ವರದಿ ಕೋರ್ಟಿನಲ್ಲಿ ಬಿದ್ದರೆ ಸಮಿತಿ ತಪ್ಪು ತೀರ್ಮಾನಕ್ಕೆ ಬಂದಿತ್ತು ಅಂತ ಜನ ಅಂದುಕೊಳ್ಳುತ್ತಾರೆ. ಬಹಳ ಸಲ ತೀರ್ಮಾನದ ತನಕ ವಾದ ಹೋಗುವುದೇ ಇಲ್ಲ. ಯಾವ ಕಾಗದ ಯಾರಿಗೆ ಯಾವತ್ತು ತಲುಪಿತು, ಉತ್ತರ ಕೊಡಲು ಎಷ್ಟು ದಿನ ಸಿಕ್ಕಿತು, ಅಲ್ಲೇ ಮುಗಿಯುತ್ತದೆ. ಗೋವಾ ವಿಶ್ವವಿದ್ಯಾಲಯದ ಪ್ರಕರಣ ಎಲ್ಲರಿಗೂ ಗೊತ್ತಿರಬೇಕು. 2009ರಲ್ಲಿ ವಿದ್ಯಾರ್ಥಿನಿಯರ ದೂರು, 2010ರಲ್ಲಿ ಪ್ರಾಧ್ಯಾಪಕರ ವಜಾ, 2012ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2023ರ ಮೇ 12ರಂದು ಸುಪ್ರೀಂ ಕೋರ್ಟ್ ಎಲ್ಲವನ್ನೂ ರದ್ದು ಮಾಡಿ ಸಮಿತಿಗೇ ವಾಪಸ್ ಕಳಿಸಿತು. 39 ದಿನಗಳಲ್ಲಿ 18 ಸಭೆ, ಕೊನೆಕೊನೆಗೆ ದಿನ ಬಿಡದೆ. ಎದುರುದಾರರಿಗೆ, ಅಂದರೆ ಆರೋಪ ಹೊತ್ತವರಿಗೆ, ತಯಾರಿಗೆ ಸಮಯವೇ ಇರಲಿಲ್ಲ ಎಂಬುದು ಕೋರ್ಟಿನ ಆಕ್ಷೇಪ. 14 ವರ್ಷದ ಮೇಲೆ ಮತ್ತೆ ಸಾಕ್ಷಿ ಹೇಳಬೇಕಾದ ಸ್ಥಿತಿ ದೂರುದಾರರದ್ದು. ಅವಸರದಿಂದ ಅನ್ಯಾಯ ಆದದ್ದು ಅವರಿಗೂ ಹೌದು.

ಹಾಗಾಗಿ ಮೇಲಿನಿಂದ ನೋಡುವವರು ಕಾಯಬೇಕಾದದ್ದು ದಾರಿಯನ್ನು ಮಾತ್ರ, ತೀರ್ಪನ್ನಲ್ಲ. ಆ ಗೆರೆ ನಿಮ್ಮಲ್ಲಿ ಎಲ್ಲಿ ಎಳೆಯುತ್ತೀರಿ?

ವಕೀಲ_ಧಾರವಾಡ

ಗೆರೆ ಸುಲಭ ಐತ್ರಿ ಸರ, ಯಾರೂ ಎಳೆಯಂಗಿಲ್ಲ ಅಷ್ಟೇ. ಕುಲಸಚಿವರು ಐಸಿಸಿಗೆ ಕೇಳಬಹುದಾದದ್ದು ಒಂದು ಪುಟದ ಪಾಕ್ಷಿಕ ತಖ್ತೆ: ದೂರಿನ ಸಂಖ್ಯೆ, ಬಂದ ತಾರೀಖು, ಪ್ರತಿ ಕಳಿಸಿದ ತಾರೀಖು, ಉತ್ತರ ಬಂದ ತಾರೀಖು, ಆದ ಸಭೆಗಳು, ಪ್ರತಿ ಸಭೆಯ ಹಾಜರಾತಿ ಸಂಖ್ಯೆ, ಮುಂದಿನ ತಾರೀಖು, ವಿಚಾರಣೆಗೆ ಇರುವ 90 ದಿನ ಮುಗಿಯುವ ತಾರೀಖು. ಹೆಸರಿಲ್ಲ, ವಿಭಾಗ ಇಲ್ಲ, ಯಾರು ಏನಂದರು ಅನ್ನೋದು ಇಲ್ಲವೇ ಇಲ್ಲ. "ಏನ್ ಮೇಡಂ, ಕೇಸ್ ಯಾವ ಕಡೆ ವಾಲಾಕತ್ತೈತಿ?" ಅಂತ ಕಾರಿಡಾರಿನಾಗ ಕೇಳಿದರೂ ಅದು ಹಸ್ತಕ್ಷೇಪ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರ ನಿಯಮಾವಳಿ ಕುಲಪತಿ, ಕುಲಸಚಿವರು, ಡೀನ್, ವಿಭಾಗದ ಮುಖ್ಯಸ್ಥರು ಐಸಿಸಿ ಸದಸ್ಯರಾಗಬಾರದು ಅಂತ ಹೇಳಿದ್ದು ಇದಕ್ಕೇ. ಆದರೂ "ವಿಶೇಷ ಆಹ್ವಾನಿತರು" ಅಂತ ಡೀನರನ್ನು ಕೂಡಿಸಿದ ನಡಾವಳಿ ಕಡತದಾಗ ಕಂಡರೆ ಎದುರು ವಕೀಲರಿಗೆ ಹಬ್ಬ.

ರಚನೆ ಒಮ್ಮೆ ತಪಾಸಣೆ ಮಾಡಿಟ್ಟುಕೊಳ್ಳಿ. ಅಧ್ಯಕ್ಷೆ: ವಿ.ವಿ.ಯಲ್ಲಾದರೆ ಪ್ರೊಫೆಸರ್ ದರ್ಜೆಗೆ ಕಡಿಮೆ ಇಲ್ಲದ ಮಹಿಳೆ, ಕಾಲೇಜಿನಲ್ಲಾದರೆ ಸಹ ಪ್ರಾಧ್ಯಾಪಕಿ. ಇಬ್ಬರು ಬೋಧಕರು, ಇಬ್ಬರು ಬೋಧಕೇತರರು, ಸ್ವಯಂಸೇವಾ ಸಂಸ್ಥೆಯಿಂದ ಹೊರಗಿನ ಒಬ್ಬರು. ವಿದ್ಯಾರ್ಥಿಗಳ ವಿಷಯವಾದರೆ ಪದವಿ, ಸ್ನಾತಕೋತ್ತರ, ಸಂಶೋಧನೆ ಹಂತದಿಂದ ಒಬ್ಬೊಬ್ಬರಂತೆ ಚುನಾಯಿತ ಮೂವರು. ಒಟ್ಟು ಅರ್ಧಕ್ಕೆ ಕಡಿಮೆ ಇಲ್ಲದಂತೆ ಮಹಿಳೆಯರು. ಅವಧಿ ಮೂರು ವರ್ಷ. ಮೂರು ವರ್ಷ ಮುಗಿದು ಹೊಸ ಆದೇಶ ಬಾರದೆ ಹಳೇ ಸಮಿತಿಯೇ ವಿಚಾರಣೆ ನಡೆಸಿದರೆ ಅದೊಂದೇ ಅಂಶದ ಮೇಲೆ ರಿಟ್ ಹಾಕುತ್ತಾರೆ.

ಟಪಾಲು_ಟೇಬಲ್

ನಮ್ಮ ಕಡೆಯ ವಿಷಯ ಯಾರೂ ಹೇಳುವುದಿಲ್ಲ, ನಾನೇ ಹೇಳುತ್ತೇನೆ. ಗೋಪ್ಯತೆ ಒಡೆಯುವುದು ಸಮಿತಿಯ ಕೋಣೆಯಲ್ಲಿ ಅಲ್ಲ, ಆವಕ-ಜಾವಕ ವಹಿಯಲ್ಲಿ. "ವಿಷಯ" ಕಾಲಂನಲ್ಲಿ "ಕುಮಾರಿ ಇಂಥವರು ಡಾ. ಇಂಥವರ ವಿರುದ್ಧ ನೀಡಿದ ಲೈಂಗಿಕ ಕಿರುಕುಳದ ದೂರು" ಅಂತ ಬರೆದರೆ ಮಧ್ಯಾಹ್ನದೊಳಗೆ ಕ್ಯಾಂಟೀನಿಗೆ ಗೊತ್ತು. ಐಸಿಸಿಗೆ ಬೇರೆ ವಹಿ ಇರಬೇಕು, ಅಧ್ಯಕ್ಷೆಯ ಕಪಾಟಿನಲ್ಲಿ, ಬೀಗದಲ್ಲಿ. ಸಾಮಾನ್ಯ ವಹಿಯಲ್ಲಿ "ಮುಚ್ಚಿದ ಲಕೋಟೆ, ಐಸಿಸಿಗೆ" ಅಂತಷ್ಟೇ. ಲಕೋಟೆ ಒಡೆಯುವ ಅಧಿಕಾರ ಟಪಾಲಿಗೆ ಇಲ್ಲ ಅಂತ ಒಂದು ಸುತ್ತೋಲೆ ಇದ್ದರೆ ಸಿಬ್ಬಂದಿಗೂ ರಕ್ಷಣೆ.

ಇ-ಆಫೀಸ್ ಬಂದ ಮೇಲೆ ಇನ್ನೊಂದು ಕಷ್ಟ. ದೂರನ್ನು ಸ್ಕ್ಯಾನ್ ಮಾಡಿ ಕಡತಕ್ಕೆ ಸೇರಿಸಿದರೆ ಅದು ಸಾಗುವ ಪ್ರತಿ ಮೇಜಿನವರೂ ತೆರೆಯಬಹುದು. ಇ-ಆಫೀಸಿನಲ್ಲಿ ಹೋಗಬೇಕಾದದ್ದು ಹೊದಿಕೆ ಪತ್ರ ಮಾತ್ರ. ನೋಟಿಸನ್ನು ವಿಭಾಗದ ಮುಖ್ಯಸ್ಥರ ಮೂಲಕ ಜಾರಿ ಮಾಡುವ ಅಭ್ಯಾಸವನ್ನೂ ಬಿಡಬೇಕು. ನೇರ ಕೈಗೆ, ತಾರೀಖು ಮತ್ತು ವೇಳೆ ಹಾಕಿಸಿದ ಸ್ವೀಕೃತಿ. ತೆಗೆದುಕೊಳ್ಳದಿದ್ದರೆ ಇಬ್ಬರ ಎದುರು ನಿರಾಕರಣೆ ಬರೆದು, ಅದೇ ದಿನ ಸ್ಪೀಡ್ ಪೋಸ್ಟ್ ಮತ್ತು ಅಧಿಕೃತ ಇಮೇಲ್.

ಕಡತ_ಪಾಲಕ

@ಟಪಾಲು_ಟೇಬಲ್ ಇದನ್ನು ಮೇಲೆ ಅಂಟಿಸಿಡಬೇಕು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ 16ನೇ ಕಲಂ ಪ್ರಕಾರ ದೂರಿನ ವಿವರ, ಹೆಸರು, ನಡಾವಳಿ, ಶಿಫಾರಸು ಯಾವುದೂ ಬಹಿರಂಗ ಆಗುವಂತಿಲ್ಲ, ಮಾಹಿತಿ ಹಕ್ಕಿನಡಿಯೂ ಕೊಡುವಂತಿಲ್ಲ. ಮೀರಿದವರಿಗೆ ನಿಯಮದಲ್ಲಿ 5,000 ರೂಪಾಯಿ ದಂಡ.

90 ದಿನದ ಲೆಕ್ಕ ಹೀಗಿಟ್ಟರೆ ಅವಸರವೂ ಆಗದು, ತಡವೂ ಆಗದು. ಯುಜಿಸಿ ನಿಯಮದಲ್ಲಿ ಎಣಿಕೆ ದೂರು ಬಂದ ದಿನದಿಂದಲೇ ಶುರು.

7ನೇ ದಿನದೊಳಗೆ ದೂರಿನ ಪ್ರತಿ, ಜೊತೆಯ ದಾಖಲೆ ಸಮೇತ, ಎದುರುದಾರರಿಗೆ. ಅವರ ಉತ್ತರಕ್ಕೆ 10 ದಿನ. ಸುಮಾರು 20ನೇ ದಿನ ಸಮಿತಿ ಕೂತು ವಿಚಾರಣಾ ಅಂಶಗಳನ್ನು ಬರೆಯಬೇಕು. 25ರಿಂದ 65ರವರೆಗೆ ಹೇಳಿಕೆ, ಸಾಕ್ಷಿ, ಪಾಟೀಸವಾಲು, ವಾರಕ್ಕೊಂದು ಅಥವಾ ಎರಡು ಸಭೆ. 70ಕ್ಕೆ ಕರಡು ತೀರ್ಮಾನಗಳನ್ನು ಎರಡೂ ಕಡೆಗೆ ಕೊಟ್ಟು ಒಂದು ವಾರ ಆಕ್ಷೇಪಣೆಗೆ ಬಿಡಬೇಕು. ಇಬ್ಬರೂ ನೌಕರರಾದಾಗ 11ನೇ ಕಲಮಿನಲ್ಲೇ ಇದು ಇದೆ. ವಿದ್ಯಾರ್ಥಿ ಪ್ರಕರಣದಲ್ಲೂ ಮಾಡುವುದು ಒಳ್ಳೆಯದು. 85ಕ್ಕೆ ವಿಚಾರಣೆ ಮುಕ್ತಾಯ, ಅಲ್ಲಿಂದ 10 ದಿನದೊಳಗೆ ವರದಿ.

ಎಲ್ಲಕ್ಕಿಂತ ಹೆಚ್ಚು ಬಿಟ್ಟುಹೋಗುವ ಹೆಜ್ಜೆ 20ನೇ ದಿನದ್ದು. "ವಿದ್ಯಾರ್ಥಿನಿಯರೊಂದಿಗೆ ಅಸಭ್ಯವಾಗಿ ವರ್ತಿಸಿದ್ದಾರೆಯೇ?" ಅನ್ನುವುದು ಅಂಶವಲ್ಲ, ಅದಕ್ಕೆ ಯಾರೂ ಉತ್ತರ ಕೊಡಲಾರರು. "ಫೆಬ್ರವರಿ 14ರ ಸಂಜೆ ಸುಮಾರು 5ಕ್ಕೆ ವಿಭಾಗದ ಎರಡನೇ ಮಹಡಿಯ ತಮ್ಮ ಕೊಠಡಿಗೆ ಪ್ರಬಂಧದ ಅಧ್ಯಾಯ ತರಲು ಹೇಳಿ, ಬಾಗಿಲು ಹಾಕಿ, ದೂರುದಾರೆಯ ಭುಜದ ಮೇಲೆ ಕೈಯಿಟ್ಟರೇ?" ಅನ್ನುವುದು ಅಂಶ. ತಾರೀಖು ನೆನಪಿಲ್ಲದಿದ್ದರೆ "ಆಂತರಿಕ ಪರೀಕ್ಷೆಯ ಹಿಂದಿನ ವಾರ" ಅಂತ ಬರೆದರೂ ನಡೆಯುತ್ತದೆ. ಪ್ರತಿ ಘಟನೆಗೆ ಬೇರೆ ಅಂಶ, ಪ್ರತಿ ಅಂಶಕ್ಕೆ ಬೇರೆ ತೀರ್ಮಾನ.

ಹೊರಸದಸ್ಯೆ_ಮೈಸೂರು

ಪಾಟೀಸವಾಲಿನ ಬಗ್ಗೆ ಎರಡು ಮಾತು. ಅರ್ಧ ಸಮಿತಿಗಳು "ನಮ್ಮದೇನು ಕೋರ್ಟೇ?" ಅಂತ ಅದನ್ನು ಬಿಟ್ಟೇ ಬಿಡುತ್ತವೆ. ಉಳಿದರ್ಧ ಎದುರುದಾರರನ್ನು ವಿದ್ಯಾರ್ಥಿನಿಯ ಮುಂದೆ ಕೂಡಿಸಿ "ಕೇಳಿ ಸಾರ್" ಅನ್ನುತ್ತವೆ. ಎರಡೂ ತಪ್ಪು. ಮಧ್ಯದ ದಾರಿ ಲಿಖಿತ ಪ್ರಶ್ನೆ. ಹೇಳಿಕೆಯ ಪ್ರತಿ ಕೊಟ್ಟು, ಕನಿಷ್ಠ ಮೂರು ಕೆಲಸದ ದಿನ ಬಿಟ್ಟು ಪ್ರಶ್ನೆಗಳನ್ನು ಬರೆದು ತರಿಸಬೇಕು, ಅಧ್ಯಕ್ಷೆಯೇ ಕೇಳಬೇಕು, ಉತ್ತರದ ಮೇಲೆ ಉಪಪ್ರಶ್ನೆಗೆ ಒಂದು ಸುತ್ತು ಅವಕಾಶ ಕೊಡಬೇಕು. ಉಪಪ್ರಶ್ನೆ ಇಲ್ಲದಿದ್ದರೆ ಅದು ಪಾಟೀಸವಾಲೇ ಅಲ್ಲ ಎಂಬ ವಾದ ಬರುತ್ತದೆ.

ಪ್ರಶ್ನೆ ತಳ್ಳಿಹಾಕುವಾಗ ಕಾರಣ ಬರೆಯಿರಿ. "ನೀವು ಅಂದು ರಾತ್ರಿ 8ರವರೆಗೆ ಲ್ಯಾಬಿನಲ್ಲಿ ಯಾಕಿದ್ದಿರಿ? ಮನೆಯಲ್ಲಿ ಕೇಳುವುದಿಲ್ಲವೇ?" ಇದರ ಎರಡನೇ ಭಾಗ ನಡತೆಯ ಮೇಲಿನದು, ತೆಗೆಯಬೇಕು. ಮೊದಲ ಭಾಗದಲ್ಲಿ ತಿರುಳಿದೆ: ಆಕೆ ಲ್ಯಾಬಿನಲ್ಲಿದ್ದದ್ದು ನಿಜವೇ ಎಂಬುದು ವಿವಾದದ ಅಂಶವಾಗಿದ್ದರೆ "ಅಂದು ಲ್ಯಾಬಿನಲ್ಲಿ ಎಷ್ಟು ಹೊತ್ತಿನವರೆಗೆ ಇದ್ದಿರಿ, ಬೇರೆ ಯಾರಿದ್ದರು?" ಅಂತ ತಿದ್ದಿ ಕೇಳಬಹುದು. ಮೂಲ ಪ್ರಶ್ನೆ, ತಿದ್ದಿದ ಪ್ರಶ್ನೆ, ಕಾರಣ, ಮೂರೂ ನಡಾವಳಿಯಲ್ಲಿ ಇರಲಿ. ಸಾಕ್ಷಿಗಳಿಗೆ ಬೆದರಿಕೆಯ ಭಯ ಇದ್ದಾಗ ಎದುರುದಾರರ ಅನುಪಸ್ಥಿತಿಯಲ್ಲಿ ಹೇಳಿಕೆ ಪಡೆದದ್ದನ್ನು 1973ರಷ್ಟು ಹಿಂದೆಯೇ, ರಾಂಚಿಯ ವೈದ್ಯಕೀಯ ಕಾಲೇಜಿನ ಹಾಸ್ಟೆಲ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಒಪ್ಪಿದೆ. ಆದರೆ ಹೇಳಿಕೆಯ ತಿರುಳನ್ನೇ ಕೊಡದೆ ಇರುವುದಕ್ಕೆ ಅದನ್ನು ನೆಪ ಮಾಡಬಾರದು.

ಇನ್ನೊಂದು. ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಾತಿ, ಅಧ್ಯಕ್ಷೆ ಸೇರಿ ಮೂವರು ಅಂತ ನಿಯಮ. ಹೊರಸದಸ್ಯರು ಪ್ರತಿ ಸಭೆಯಲ್ಲೂ ಇರಲೇಬೇಕೆಂದು ಬರೆದಿಲ್ಲ. ಆದರೆ ಎಲ್ಲ ಸಭೆ ತಪ್ಪಿಸಿ ಕೊನೆಗೆ ವರದಿಗೆ ಸಹಿ ಮಾಡುವವರಿಂದ ವರದಿಗೆ ಬಲ ಬರುವುದಿಲ್ಲ. ಅವರ ಭತ್ಯೆ ದಿನಕ್ಕೆ 200 ರೂಪಾಯಿ ಮತ್ತು ಪ್ರಯಾಣ ವೆಚ್ಚ ಅಂತ 2013ರಲ್ಲಿ ಬರೆದದ್ದು. ಆ 200 ರೂಪಾಯಿಗೆ ಆರು ತಿಂಗಳು ಲೆಕ್ಕಪತ್ರ ವಿಭಾಗಕ್ಕೆ ಅಲೆಸಿದರೆ ಮೂರನೇ ಸಭೆಗೆ ಯಾರು ಬರುತ್ತಾರೆ ಹೇಳಿ.

ಸಂಶೋಧಕಿ_ಪ್ರತಿನಿಧಿ

ಮಧ್ಯಂತರ ಪರಿಹಾರ, ಅಂದರೆ ವಿಚಾರಣೆ ಮುಗಿಯುವವರೆಗೆ ದೂರುದಾರೆಗೆ ಸಿಗಬೇಕಾದ ರಕ್ಷಣೆಯ ಬಗ್ಗೆ ಯಾರೂ ಇನ್ನೂ ಬರೆದಿಲ್ಲ. ಪಿಎಚ್‌ಡಿ ವಿದ್ಯಾರ್ಥಿನಿಗೆ 90 ದಿನದ ವಿಚಾರಣೆಗಿಂತ ಮುಂದಿನ ತಿಂಗಳ ಫೆಲೋಶಿಪ್ ದೊಡ್ಡ ಪ್ರಶ್ನೆ. "ಮಾರ್ಗದರ್ಶಕರನ್ನು ಬದಲಿಸಲಾಗಿದೆ" ಅಂತ ಒಂದು ಸಾಲಿನ ಆದೇಶ ಸಾಕಾಗುವುದಿಲ್ಲ.

ಕಡತ_ಪಾಲಕ

ಸರಿ ಹೇಳಿದಿರಿ. ಆದೇಶದಲ್ಲಿ ಕನಿಷ್ಠ ಇಷ್ಟು ಇರಬೇಕು: ತಿಂಗಳ ಹಾಜರಾತಿ ಮತ್ತು ಫೆಲೋಶಿಪ್ ದೃಢೀಕರಣಕ್ಕೆ ಇನ್ನು ಮುಂದೆ ಸಹಿ ಹಾಕುವವರು ಯಾರು, ಸೆಮಿಸ್ಟರಿಗೊಮ್ಮೆ ನಡೆಯುವ ಸಂಶೋಧನಾ ಸಲಹಾ ಸಮಿತಿಯಲ್ಲಿ ಎದುರುದಾರರ ಬದಲು ಯಾರು ಕೂರುತ್ತಾರೆ, ಲ್ಯಾಬ್ ಕೀಲಿ, ಉಪಕರಣದ ಸ್ಲಾಟ್, ರಾಸಾಯನಿಕದ ಇಂಡೆಂಟ್ ಯಾರ ಮೂಲಕ, ಈವರೆಗಿನ ದತ್ತಾಂಶದ ಪ್ರತಿ ವಿದ್ಯಾರ್ಥಿನಿಗೆ ಯಾವ ದಿನದೊಳಗೆ, ಎದುರುದಾರರ ಜೊತೆ ಕಳಿಸಿಯಾಗಿರುವ ಪ್ರಬಂಧದ ಲೇಖಕರ ಪಟ್ಟಿ ಬದಲಾಗದು ಎಂಬ ಮಾತು. ಸ್ನಾತಕೋತ್ತರದಲ್ಲಾದರೆ ಆಂತರಿಕ ಅಂಕ, ಪ್ರಾಯೋಗಿಕ ಪರೀಕ್ಷೆ, ವೈವಾ ಮೂರನ್ನೂ ಹೆಸರಿಸಿ ಕುಲಸಚಿವರು (ಮೌಲ್ಯಮಾಪನ) ಅವರಿಗೆ ಮುಚ್ಚಿದ ಪತ್ರ. ಕಾರಣ ಬರೆಯಬೇಕಿಲ್ಲ, "ಇವರ ಮೌಲ್ಯಮಾಪನಕ್ಕೆ ಇವರನ್ನು ನೇಮಿಸಬಾರದು" ಅಂದರೆ ಸಾಕು.

ಯಾರನ್ನಾದರೂ ಜಾಗ ಬದಲಿಸಲೇಬೇಕಾದರೆ ಮೊದಲು ಎದುರುದಾರರನ್ನು. ದೂರುದಾರೆ ತಾನೇ ಕೇಳಿದರೆ ಮಾತ್ರ ಆಕೆಯನ್ನು. ಮೂರು ತಿಂಗಳವರೆಗಿನ ರಜೆಯೂ ಆಕೆ ಬರವಣಿಗೆಯಲ್ಲಿ ಕೋರಿದಾಗ ಕೊಡುವ ಸೌಲಭ್ಯ, "ಸ್ವಲ್ಪ ದಿನ ಊರಿಗೆ ಹೋಗಿಬನ್ನಿ" ಅನ್ನುವ ಸಲಹೆಯಲ್ಲ.

ವಕೀಲ_ಧಾರವಾಡ

ದೂರಿನ ಅವಧಿ ಬಗ್ಗೆ ಎಚ್ಚರ. ಕೊನೆಯ ಘಟನೆಯಿಂದ ಮೂರು ತಿಂಗಳು, ಕಾರಣ ದಾಖಲಿಸಿ ಇನ್ನೂ ಮೂರು ತಿಂಗಳು. ಅಷ್ಟೇ. ಕೋಲ್ಕತ್ತದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಪ್ರಕರಣದಾಗ 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. 2023ರ ಏಪ್ರಿಲ್‌ನ ಘಟನೆ, ಡಿಸೆಂಬರ್‌ನಾಗ ದೂರು. ನಡುವಿನ ಆಡಳಿತಾತ್ಮಕ ಕ್ರಮಗಳನ್ನು ಕಿರುಕುಳದ ಮುಂದುವರಿಕೆ ಅಂತ ಒಪ್ಪಲಿಲ್ಲ, ದೂರು ಕಾಲಮಿತಿ ಮೀರಿತು. ಆದರೆ ಆ ತೀರ್ಪು ಎದುರುದಾರರಾಗಿದ್ದ ಕುಲಪತಿಗಳ ಸ್ವವಿವರದ ಭಾಗವಾಗಿರಬೇಕು ಅಂತ ಕೋರ್ಟ್ ಆದೇಶಿಸಿತು, ಅದು ಬೇರೆ ಮಾತು.

ಸಮಿತಿ ಇದರಿಂದ ಕಲಿಯಬೇಕಾದದ್ದು: ದೂರು ಪರಿಶೀಲಿಸುವಾಗಲೇ ಘಟನೆಗಳ ತಾರೀಖುಪಟ್ಟಿ ಮಾಡಿ. ಕೊನೆಯ ಘಟನೆ ನಾಲ್ಕೈದು ತಿಂಗಳ ಹಿಂದಿನದಾದರೆ ವಿಳಂಬ ಮನ್ನಾದ ಲಿಖಿತ ಆದೇಶ ಮೊದಲು ಬರಲಿ, ಆಮೇಲೆ ನೋಟಿಸ್. ಮತ್ತೆ, ಕುಲಪತಿಯೇ ಎದುರುದಾರರಾದರೆ ಐಸಿಸಿ ಅಲ್ಲ, ಜಿಲ್ಲೆಯ ಸ್ಥಳೀಯ ಸಮಿತಿ. ಅಲ್ಲಿಗೆ ಕಳಿಸುವುದನ್ನೇ ತಿಂಗಳುಗಟ್ಟಲೆ ತಡ ಮಾಡಿದರೆ ಮೇಲಿನ ಗತಿ.

ಆರು ಪ್ರತಿ ತಂದಿಲ್ಲ ಅಂತ ದೂರು ವಾಪಸ್ ಕಳಿಸೋ ಕಚೇರಿಗಳೂ ಅದಾವು. ಆರು ಪ್ರತಿ ಅನ್ನೋದು ನಿಯಮದಾಗ ಐತಿ ಖರೆ, ಆದರೆ ಜೆರಾಕ್ಸ್ ಸಮಿತಿಯೇ ಮಾಡಿಕೊಂಡರೆ ಆಕಾಶ ಬೀಳಂಗಿಲ್ಲ.

ಸಮಾನ_ಅವಕಾಶ

ಎಲ್ಲರೂ ಐಸಿಸಿಯಲ್ಲೇ ನಿಂತಿದ್ದೀರಿ. ಜಾತಿ ತಾರತಮ್ಯದ ದೂರು ಬಂದರೆ? ಅದನ್ನೂ ಐಸಿಸಿಗೇ ತಳ್ಳುವ ವಿ.ವಿ.ಗಳಿವೆ, ಇಲ್ಲವೆ "ಸತ್ಯಶೋಧನಾ ಸಮಿತಿ" ಅಂತ ಯಾವ ನಿಯಮಕ್ಕೂ ಸೇರದ ಒಂದನ್ನು ಮಾಡುತ್ತಾರೆ. ಯುಜಿಸಿಯ 2012ರ ಸಮಾನತೆ ನಿಯಮಾವಳಿಯಲ್ಲಿ ಸಮಾನ ಅವಕಾಶ ಕೋಶ ಮತ್ತು ತಾರತಮ್ಯ ವಿರೋಧಿ ಅಧಿಕಾರಿ ಇದ್ದಾರೆ. 2026ರ ಜನವರಿ 13ರಂದು ಹೊಸ ನಿಯಮಾವಳಿ ಅಧಿಸೂಚನೆಯಾಯಿತು, ಅದೇ 29ರಂದು ಸುಪ್ರೀಂ ಕೋರ್ಟ್ ಅದನ್ನು ತಡೆಹಿಡಿದು 2012ರದ್ದೇ ಮುಂದುವರಿಯಲಿ ಎಂದಿತು. ಹಾಗಾಗಿ "ಹೊಸ ನಿಯಮ ಬರಲಿ, ನೋಡೋಣ" ಅಂತ ದೂರನ್ನು ಮೇಜಿನಲ್ಲಿ ಇಟ್ಟುಕೊಳ್ಳುವವರಿಗೆ ನೆಪವಿಲ್ಲ.

ತನಿಖೆಯ ರೀತಿಯೇ ಬೇರೆ. ಕಿರುಕುಳದಲ್ಲಿ ಪ್ರಶ್ನೆ "ಇದು ನಡೆಯಿತೇ?" ಅಂತ. ತಾರತಮ್ಯದಲ್ಲಿ ನಡೆದದ್ದನ್ನು ಬಹುಸಲ ಯಾರೂ ಅಲ್ಲಗಳೆಯುವುದೇ ಇಲ್ಲ: ಹೌದು, ಅಂಕ ಕಡಿಮೆ ಕೊಟ್ಟೆ, ಹೌದು, ಮಾರ್ಗದರ್ಶನಕ್ಕೆ ತೆಗೆದುಕೊಳ್ಳಲಿಲ್ಲ. ಪ್ರಶ್ನೆ ಯಾಕೆ ಎಂಬುದು, ಅದಕ್ಕೆ ಉತ್ತರ ಬಾಯಿಮಾತಿನಲ್ಲಿ ಸಿಗುವುದಿಲ್ಲ, ಹೋಲಿಕೆಯಲ್ಲಿ ಸಿಗುತ್ತದೆ. ತರಿಸಬೇಕಾದ ಕಾಗದಗಳು: ಕಳೆದ ಐದು ವರ್ಷದ ಮಾರ್ಗದರ್ಶಕರ ಹಂಚಿಕೆ ಪಟ್ಟಿ ಮತ್ತು ಆಯಾ ವರ್ಷ ಖಾಲಿಯಿದ್ದ ಸ್ಥಾನ, ಅದೇ ಪತ್ರಿಕೆಯಲ್ಲಿ ಎಲ್ಲರ ಆಂತರಿಕ ಅಂಕ ಮತ್ತು ಸೆಮಿಸ್ಟರ್ ಪರೀಕ್ಷೆಯ ಅಂಕ ಪಕ್ಕಪಕ್ಕ, ಅಧ್ಯಾಯ ಒಪ್ಪಿಸಿದ ದಿನ ಮತ್ತು ತಿದ್ದಿ ವಾಪಸ್ ಕೊಟ್ಟ ದಿನ, ಅದೇ ಮಾರ್ಗದರ್ಶಕರ ಎಲ್ಲ ವಿದ್ಯಾರ್ಥಿಗಳದ್ದು. ಒಬ್ಬರ ಅಧ್ಯಾಯ ಮೂರು ವಾರದಲ್ಲಿ ಬಂದು ಇನ್ನೊಬ್ಬರದ್ದು ಏಳು ತಿಂಗಳಾದರೆ, ಕಾರಣ ಹೇಳುವ ಹೊಣೆ ಮಾರ್ಗದರ್ಶಕರದ್ದು. ಅಂಕಗಳಲ್ಲಿ ಒಬ್ಬರ ವ್ಯತ್ಯಾಸ ಏನೂ ಹೇಳುವುದಿಲ್ಲ. ಒಂದು ಗುಂಪಿಗೆ ಮಾತ್ರ ವರ್ಷವರ್ಷವೂ ಆಂತರಿಕ ಅಂಕ ಕುಸಿದು, ಹೆಸರು ಕಾಣದಂತೆ ಕೋಡ್ ಹಾಕಿದ ಉತ್ತರಪತ್ರಿಕೆಯಲ್ಲಿ ಸರಿಯಾಗಿದ್ದರೆ ಹೇಳುತ್ತದೆ.

"ನನ್ನ ಹತ್ತಿರ ಆ ಸಮುದಾಯದ ಇನ್ನೊಬ್ಬ ವಿದ್ಯಾರ್ಥಿ ಇದ್ದಾನೆ" ಎಂಬುದು ಉತ್ತರವಲ್ಲ. ಆ ವಿದ್ಯಾರ್ಥಿಯನ್ನು ಕರೆದು "ನಿನಗೇನೂ ಆಗಿಲ್ಲ ತಾನೆ?" ಅಂತ ಅವರ ಎದುರೇ ಕೇಳುವುದಂತೂ ತನಿಖೆಯೇ ಅಲ್ಲ. ತರಗತಿಯಲ್ಲಿ ಜಾತಿ ಹೆಸರು ಎತ್ತಿ ಹೇಳುವುದು, "ಮೀಸಲಾತಿಯವರು" ಅಂತ ಬೇರೆಯಾಗಿ ಗುರುತಿಸುವುದು 2012ರ ನಿಯಮದಲ್ಲೇ ಹೆಸರಿಸಿದ ತಾರತಮ್ಯ. ಅದಕ್ಕೆ ಹೋಲಿಕೆಯ ಪಟ್ಟಿ ಬೇಕಿಲ್ಲ, ಸಾಕ್ಷಿ ಸಾಕು.

ಹೊರಸದಸ್ಯೆ_ಮೈಸೂರು

@ಸಮಾನ_ಅವಕಾಶ ಎರಡೂ ಸೇರಿದ್ದರೆ? ದಲಿತ ವಿದ್ಯಾರ್ಥಿನಿಯ ಲೈಂಗಿಕ ಕಿರುಕುಳದ ದೂರಿನಲ್ಲಿ ಜಾತಿ ನಿಂದನೆಯೂ ಇದ್ದಾಗ "ಅದು ನಮ್ಮ ವ್ಯಾಪ್ತಿಯಲ್ಲ" ಅಂತ ಐಸಿಸಿ ಆ ಭಾಗವನ್ನೇ ಅಳಿಸಿ ಮುಂದೆ ಹೋಗುತ್ತದೆ.

ಸಮಾನ_ಅವಕಾಶ

ಅಳಿಸಬಾರದು ಮೇಡಂ. ಹೇಳಿಕೆ ಒಂದೇ ಸಲ, ಇಡಿಯಾಗಿ, ಆಕೆಯ ಮಾತಿನಲ್ಲೇ ದಾಖಲಾಗಲಿ. ಲೈಂಗಿಕ ಕಿರುಕುಳದ ಬಗ್ಗೆ ಐಸಿಸಿ ತೀರ್ಮಾನಿಸಲಿ, ಜಾತಿಯ ಭಾಗವನ್ನು ಆಕೆಯ ಒಪ್ಪಿಗೆಯೊಂದಿಗೆ ತಾರತಮ್ಯ ವಿರೋಧಿ ಅಧಿಕಾರಿಗೆ ಅದೇ ದಿನ ಕಳಿಸಲಿ. 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಪೊಲೀಸ್ ದೂರು ಕೊಡುವ ಹಕ್ಕಿದೆ, ಅದರ ತನಿಖೆ ಡಿವೈಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದವರದ್ದು ಅಂತ ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿ ಪಡೆಯಲಿ. ಪೊಲೀಸ್ ಪ್ರಕರಣ ಆಯಿತೆಂದು ಒಳಗಿನ ವಿಚಾರಣೆ ನಿಲ್ಲಿಸಬೇಕಿಲ್ಲ. ಅಲ್ಲಿ ಸಂದೇಹಾತೀತ ರುಜುವಾತು ಬೇಕು, ಇಲ್ಲಿ ಹೆಚ್ಚು ಸಂಭವನೀಯ ಯಾವುದು ಎಂಬುದು ಸಾಕು.

ಅಂಗವಿಕಲ ನೌಕರರ ತಾರತಮ್ಯದ ದೂರು ಮೂರನೇ ದಾರಿ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 23ನೇ ಕಲಂ, ಕುಂದುಕೊರತೆ ಅಧಿಕಾರಿ, ಎರಡು ವಾರದೊಳಗೆ ವಿಚಾರಣೆ. ವಿದ್ಯಾರ್ಥಿಗಳ ದೂರಿಗೂ ಅಷ್ಟೇ ವೇಗ ಇದ್ದರೆ ಒಳ್ಳೆಯದು: ಪರೀಕ್ಷೆ ಬರೆದುಕೊಡುವ ಲಿಪಿಕಾರರನ್ನು ಕೊಡದ ದೂರನ್ನು ಪರೀಕ್ಷೆ ಮುಗಿದ ಮೇಲೆ ತೀರ್ಮಾನಿಸಿ ಯಾರಿಗೇನು ಲಾಭ?

ಟಪಾಲು_ಟೇಬಲ್

ಸಿಸಿಟಿವಿ ಬಗ್ಗೆ ಸೇರಿಸುತ್ತೇನೆ. ದೃಶ್ಯ ದಾಖಲಿಸಿಡುವ ಡಿವಿಆರ್ ಪೆಟ್ಟಿಗೆ ತುಂಬಿದಂತೆ ಹಳೆಯದರ ಮೇಲೆ ಹೊಸದು ಬರುತ್ತದೆ. ಎಷ್ಟೋ ಕ್ಯಾಂಪಸ್ಸುಗಳಲ್ಲಿ 15 ದಿನ, ಹೆಚ್ಚೆಂದರೆ 30 ದಿನ. ಸಮಿತಿ ಮೊದಲ ಸಭೆ ಸೇರುವಷ್ಟರಲ್ಲಿ ದೃಶ್ಯ ಹೋಗಿರುತ್ತದೆ. ದೂರು ಬಂದ ದಿನವೇ ಅಧ್ಯಕ್ಷೆಯ ಒಂದು ಪತ್ರ ಭದ್ರತಾ ಅಧಿಕಾರಿಗೆ: ಕ್ಯಾಮೆರಾ ಸಂಖ್ಯೆ, ತಾರೀಖು, ಘಟನೆಯ ವೇಳೆಗೆ ಹಿಂದೆ ಮುಂದೆ ಅರ್ಧ ಗಂಟೆ. ಗುಟ್ಟು ಉಳಿಯಬೇಕಾದರೆ ಇಡೀ ಮಹಡಿಯ ಇಡೀ ದಿನದ್ದು ಕೇಳಿ. ಡಿವಿಆರ್ ಗಡಿಯಾರ ಎಷ್ಟು ನಿಮಿಷ ಹಿಂದೆ ಮುಂದೆ ಇದೆ ಎಂಬುದನ್ನು ಪ್ರತಿ ತೆಗೆಯುವಾಗಲೇ ಬರೆಸಿ. ವಾಟ್ಸಾಪ್‌ಗೆ ಸ್ಕ್ರೀನ್‌ಶಾಟ್ ಒಂದೇ ಸಾಲದು, ಇಡೀ ಸಂಭಾಷಣೆಯ ಎಕ್ಸ್‌ಪೋರ್ಟ್ ತೆಗೆದು, ಮೂಲ ಫೋನಿನಲ್ಲಿ ಇಬ್ಬರು ಸದಸ್ಯರು ನೋಡಿ ತಾಳೆ ಹಾಕಿ ಟಿಪ್ಪಣಿ ಬರೆಯಬೇಕು.

ಸಂಶೋಧಕಿ_ಪ್ರತಿನಿಧಿ

ಆರೋಪ ರುಜುವಾತಾಗದಿದ್ದರೆ ದೂರುದಾರೆಯ ಮೇಲೆ ಸುಳ್ಳು ದೂರಿನ ಕ್ರಮದ 14ನೇ ಕಲಂ ಹಾಕುತ್ತಾರೆ ಎಂಬ ಹೆದರಿಕೆ ಹಾಸ್ಟೆಲ್‌ಗಳಲ್ಲಿ ಬಲವಾಗಿದೆ. ಆಗುತ್ತದೆಯೇ?

ವಕೀಲ_ಧಾರವಾಡ

ಆಗಂಗಿಲ್ಲ. ರುಜುವಾತು ಆಗಲಿಲ್ಲ ಅನ್ನುವುದೊಂದೇ ಕಾರಣಕ್ಕೆ ಕ್ರಮ ಇಲ್ಲ ಅಂತ ಕಲಮಿನಲ್ಲೇ ಬರೆದದ್ದೈತಿ. ದುರುದ್ದೇಶಕ್ಕೆ ಬೇರೆ ವಿಚಾರಣೆ, ಬೇರೆ ತೀರ್ಮಾನ ಬೇಕು. ನೋಟಿಸಿನ ಕೊನೆಗೆ "ಸುಳ್ಳು ದೂರಿಗೆ ಕ್ರಮ ಕೈಗೊಳ್ಳಲಾಗುವುದು" ಅಂತ ದಪ್ಪಕ್ಷರದಾಗ ಹಾಕುವ ಕಚೇರಿಗಳು ಅದನ್ನು ತೆಗೀಬೇಕು.

ಕಡತ_ಪಾಲಕ

ವರದಿ ಬಂದ ಮೇಲಿನದು ಒಂದು ಉಳಿದಿದೆ. ವಿ.ವಿ.ಯ ಆಡಳಿತ ಮಂಡಳಿಯಾದ ಸಿಂಡಿಕೇಟಿಗೆ ವರದಿ ಹೋದಾಗ "ಇದರ ಮೇಲೆ ಇಲಾಖಾ ವಿಚಾರಣೆ ನಡೆಸೋಣ" ಎಂಬ ಸಲಹೆ ಬಂದೇ ಬರುತ್ತದೆ. ಎಲ್ಲ ಮತ್ತೆ ಮೊದಲಿನಿಂದ. 2004ರಲ್ಲೇ ಸುಪ್ರೀಂ ಕೋರ್ಟ್ ದೂರು ಸಮಿತಿಯ ವರದಿಯನ್ನೇ ಶಿಸ್ತು ನಿಯಮಗಳಡಿಯ ವಿಚಾರಣಾ ವರದಿ ಎಂದು ಪರಿಗಣಿಸಬೇಕೆಂದು ಹೇಳಿದೆ. ಎರಡನೇ ವಿಚಾರಣೆ ಬೇಕಿಲ್ಲ. ಯುಜಿಸಿ ನಿಯಮದಲ್ಲಿ ಕ್ರಮಕ್ಕೆ 30 ದಿನ, ಅದಕ್ಕೂ ಮುಂಚೆ 10 ದಿನದಲ್ಲಿ ಉತ್ತರಿಸುವಂತೆ ಕಾರಣ ಕೇಳುವ ನೋಟಿಸ್. ಶಿಫಾರಸು ಒಪ್ಪದಿದ್ದರೆ ಕಾರಣ ಬರೆದು ಐಸಿಸಿಗೂ ಎರಡೂ ಕಡೆಗೂ ತಿಳಿಸಬೇಕು.

ಸಿಂಡಿಕೇಟ್ ಮೂರು ತಿಂಗಳಿಗೊಮ್ಮೆ ಸೇರುವ ಕಡೆ ಆ 30 ದಿನ ಹೇಗೆ ಪಾಲಿಸುತ್ತೀರಿ ಅಂತ ಕೇಳುವುದಿತ್ತು. ತುರ್ತು ಸಭೆಯೇ, ಅಥವಾ ಕುಲಪತಿಗಳ ವಿಶೇಷ ಅಧಿಕಾರದಲ್ಲಿ ಕ್ರಮ ಕೈಗೊಂಡು ಮುಂದಿನ ಸಭೆಯಲ್ಲಿ ಸ್ಥಿರೀಕರಣವೇ?

ವಕೀಲ_ಧಾರವಾಡ

ವಜಾ, ಕಡ್ಡಾಯ ನಿವೃತ್ತಿಯಂಥ ದೊಡ್ಡ ಶಿಕ್ಷೆಗೆ ತುರ್ತು ಸಭೆಯೇ ಸರಿ. ನೇಮಕ ಮಾಡಿದ ಪ್ರಾಧಿಕಾರ ಸಿಂಡಿಕೇಟ್ ಆಗಿದ್ದಾಗ ಕುಲಪತಿ ಒಬ್ಬರೇ ಸಹಿ ಹಾಕಿದರೆ ಮತ್ತೆ ಕೋರ್ಟಿಗೆ ದಾರಿ. ಕಾರಣ ಕೇಳುವ ನೋಟಿಸನ್ನು ಕುಲಸಚಿವರು ವರದಿ ಬಂದ ವಾರದಾಗ ಕೊಡಬಹುದು, ಅದಕ್ಕೆ ಸಭೆ ಕಾಯಬೇಕಿಲ್ಲ. ಹತ್ತು ದಿನದಾಗ ಬಂದ ಉತ್ತರವನ್ನು ವರದಿಯ ಜೊತೆಗಿಟ್ಟು ಸಭೆ ಕರೀರಿ. ಸಭಾ ಟಿಪ್ಪಣಿಯೊಳಗ ಹೆಸರು ಬ್ಯಾಡ, ಸಂಖ್ಯೆ ಸಾಕು. ವರದಿ ಪ್ರತಿಗಳನ್ನು ಸಭೆಯಲ್ಲೇ ಹಂಚಿ, ಎಣಿಸಿ ವಾಪಸ್ ತಗೊಳ್ಳಿ. ಹೋದ ಪ್ರತಿ ಒಂದು ಬರಲಿಲ್ಲ ಅಂದರೆ ಆ ದಿನವೇ ನಡಾವಳಿಯಾಗ ಬರೀರಿ.